ಪ್ಲಾಕ್ ಮತ್ತು ಹುಳುಕನ್ನು ಅಳೆದು ಬರೆದಿಡುವುದು: ನನ್ನ ಅನುಭವ

ಉಡುಪಿಯ ನನ್ನ ಕ್ಲಿನಿಕ್ಕಿಗೆ ಬರುವ ರೋಗಿಗಳ ಬಾಯಿಯಲ್ಲಿ ನಾನು ಎರಡು ಸಂಗತಿಗಳನ್ನು ಅಳೆದು ಬರೆದಿಡುತ್ತೇನೆ: ಹಲ್ಲಿನ ಮೇಲೆ ಪ್ಲಾಕ್ (ಬ್ಯಾಕ್ಟೀರಿಯಾಗಳ ಮೆತ್ತನೆಯ ಅಂಟು ಪದರ) ಎಷ್ಟು ಕೂತಿದೆ, ಹುಳುಕು ಎಲ್ಲೆಲ್ಲಿ ಯಾವ ಹಂತದಲ್ಲಿದೆ. ‘ಸ್ವಚ್ಛತೆ ಸಾಲದು’ ಎಂದಷ್ಟೇ ಬರೆದ ಕಾರ್ಡು ಆರು ತಿಂಗಳ ಮೇಲೆ ಬರೆದವರಿಗೇ ಏನನ್ನೂ ಹೇಳುವುದಿಲ್ಲ. ಅಂಕಿ ಬರೆದಿದ್ದರೆ ಮಾತ್ರ ಅಂದಿನ ಬಾಯಿಯನ್ನು ಇಂದಿನದರ ಪಕ್ಕದಲ್ಲಿಟ್ಟು ನೋಡಬಹುದು.

ಪ್ಲಾಕ್‌ಗೆ ನಾನು ನೆಚ್ಚಿಕೊಂಡಿರುವುದು ಸಿಲ್ನೆಸ್ ಮತ್ತು ಲೋ ಅವರು 1964ರಲ್ಲಿ ಪ್ರಕಟಿಸಿದ ಸೂಚ್ಯಂಕವನ್ನು. ದಂತವೈದ್ಯರು ಹಲ್ಲುಗಳಿಗೆ ಕೊಡುವ ಗುರುತಿನ ಸಂಖ್ಯೆಯಂತೆ ಮೇಲ್ದವಡೆಯ 16, 12, 24 ಮತ್ತು ಕೆಳದವಡೆಯ 36, 32, 44 ಎಂಬ ಆರು ಹಲ್ಲುಗಳ ನಾಲ್ಕು ಬದಿಗಳಿಗೂ ಸೊನ್ನೆಯಿಂದ ಮೂರರವರೆಗೆ ಅಂಕ ಕೊಡಬೇಕು. ಏನೂ ಇಲ್ಲದಿದ್ದರೆ 0. ಕಣ್ಣಿಗೆ ಕಾಣದಿದ್ದರೂ ಒಸಡಿನ ಅಂಚಿನಲ್ಲಿ ಪ್ರೋಬ್ (ಪರೀಕ್ಷಿಸುವ ತೆಳು ಕಡ್ಡಿ) ಆಡಿಸಿದಾಗ ಅದರ ತುದಿಗೆ ಅಂಟಿ ಬಂದರೆ 1, ಬರಿಗಣ್ಣಿಗೇ ಕಂಡರೆ 2, ದಪ್ಪಗೆ ಮೆತ್ತಿಕೊಂಡಿದ್ದರೆ 3. ಇಪ್ಪತ್ತನಾಲ್ಕು ಬದಿಗಳ ಮೊತ್ತ 30 ಬಂದರೆ ಆ ಬಾಯಿಯ ಸೂಚ್ಯಂಕ 1.25. ಹಲ್ಲನ್ನು ಗಾಳಿಯಿಂದ ಒಣಗಿಸದೆ ಈ ಅಂಕ ಕೊಡಬಾರದು, ಏಕೆಂದರೆ ಎಂಜಲಿನ ಹೊಳಪಿನಲ್ಲಿ 1 ಮತ್ತು 2 ಎರಡೂ ಸೊನ್ನೆಯಂತೆಯೇ ಕಾಣುತ್ತವೆ. ಮಳೆಗಾಲದಲ್ಲಿ ಕರೆಂಟು ಹೋಗಿ ಗಾಳಿ ಊದುವ ಯಂತ್ರ ನಿಂತರೆ ನೋವಿನ ಚಿಕಿತ್ಸೆಯನ್ನು ಹೇಗೋ ಮಾಡಿ ಮುಗಿಸುತ್ತೇನೆ, ಆದರೆ ಅಳೆಯುವ ಕೆಲಸವನ್ನು ಮುಂದಕ್ಕೆ ಹಾಕುತ್ತೇನೆ.

ಬಣ್ಣ ಹಚ್ಚುವುದು ಇದಾದ ಮೇಲೆ. ಎರಿಥ್ರೋಸಿನ್ ದ್ರಾವಣ ಪ್ಲಾಕನ್ನು ಗುಲಾಬಿಗೆಂಪು ಮಾಡುತ್ತದೆ. ಒಸಡೂ ಕೆಂಪಾಗುವುದರಿಂದ ಒಸಡಿನ ಉರಿಯೂತವನ್ನೂ ರಕ್ತಸ್ರಾವವನ್ನೂ ಮೊದಲೇ ಗುರುತು ಹಾಕಿಕೊಂಡಿರಬೇಕು. ಹನ್ನೆರಡು ವರ್ಷದ ಹುಡುಗನೊಬ್ಬನ ತಾಯಿ, “ಎರಡು ಹೊತ್ತೂ ಉಜ್ಜುತ್ತಾನೆ ಡಾಕ್ಟ್ರೇ, ನಾನೇ ನಿಂತು ನೋಡ್ತೇನೆ” ಎಂದರು. ಅವರ ಮಾತು ನಿಜವೇ ಆಗಿತ್ತು. ಬಣ್ಣ ಹಚ್ಚಿ ಬಾಯಿ ಮುಕ್ಕಳಿಸಿದ ಮೇಲೆ ಮುಂದಿನ ಹಲ್ಲುಗಳು ಬೆಳ್ಳಗೆ ಉಳಿದವು. ಕೆಳಗಿನ ದವಡೆ ಹಲ್ಲುಗಳ ನಾಲಿಗೆ ಕಡೆಯ ಬದಿಯಲ್ಲಿ ಮಾತ್ರ ಒಸಡಿಗೆ ಹೊಂದಿಕೊಂಡು ಒಂದೇ ಸಮನೆ ಕೆಂಪು ಪಟ್ಟಿ ಎದ್ದಿತು. ಕೈಗನ್ನಡಿ ಕೊಟ್ಟು ತೋರಿಸಿದಾಗ ಹುಡುಗ ತಾನೇ ಬ್ರಷ್ಷನ್ನು ಓರೆ ಮಾಡಿ ಅಲ್ಲಿಗೆ ತಲುಪಿಸಲು ನೋಡಿದ. ಇಂಥವರಿಗೆ ನಾನು ಓಲಿಯರಿಯವರ 1972ರ ಕ್ರಮದಂತೆ ಶೇಕಡಾವಾರು ಲೆಕ್ಕ ಬರೆದುಕೊಡುತ್ತೇನೆ: 28 ಹಲ್ಲುಗಳಿಗೆ 112 ಬದಿಗಳು, ಅವುಗಳಲ್ಲಿ 56 ಬಣ್ಣ ಹಿಡಿದರೆ ಶೇ. 50. ಗುರಿ ಶೇ. 10ರೊಳಗೆ ಬರುವುದು. ಸೂಚ್ಯಂಕದ ದಶಮಾಂಶಕ್ಕಿಂತ ಈ ಶೇಕಡಾ ಮನೆಯವರಿಗೆ ಬೇಗ ಅರ್ಥವಾಗುತ್ತದೆ.

ಹಲ್ಲು ಶುಚಿಗೊಳಿಸಿದ ನಂತರವೇ ಹುಳುಕಿನ ಪರೀಕ್ಷೆ. ಕ್ಲೈನ್, ಪಾಮರ್ ಮತ್ತು ನಟ್ಸನ್ ಅವರು 1938ರಲ್ಲಿ ರೂಪಿಸಿದ ಡಿಎಮ್‌ಎಫ್‌ಟಿ ಇಂದಿಗೂ ಬಳಕೆಯಲ್ಲಿದೆ. ಹುಳುಕಾದ, ಹುಳುಕಿನಿಂದ ಕಿತ್ತ ಮತ್ತು ತುಂಬಿಸಿದ ಹಲ್ಲುಗಳ ಒಟ್ಟು ಎಣಿಕೆ ಅದು. ಶಾಲಾ ಶಿಬಿರಗಳಲ್ಲಿ ಇದನ್ನೇ ಬರೆಯುತ್ತೇನೆ, ಒಂದು ಊರಿನ ಮಕ್ಕಳನ್ನು ಇನ್ನೊಂದು ಊರಿನವರೊಡನೆ ಹೋಲಿಸಲು ಅದು ಬೇಕೇ ಬೇಕು. ಆದರೆ ಎದುರಿಗೆ ಕುಳಿತ ಒಬ್ಬ ರೋಗಿಯ ಮಟ್ಟಿಗೆ ಅದು ಗತಕಾಲದ ಲೆಕ್ಕ. ಹುಳುಕು ಹಲ್ಲನ್ನು ತುಂಬಿಸಿದರೆ ಅದು ಹುಳುಕಿನ ‘ಡಿ’ ಅಕ್ಷರದಿಂದ ತುಂಬಿಸಿದ್ದರ ‘ಎಫ್’ಗೆ ಸರಿಯುತ್ತದೆಯೇ ಹೊರತು ಮೊತ್ತ ಇಳಿಯುವುದಿಲ್ಲ. ಕುಳಿ ಬೀಳುವ ಮೊದಲಿನ ಬಿಳಿ ಮಚ್ಚೆಯಂತೂ ಅದರ ಲೆಕ್ಕಕ್ಕೇ ಬರುವುದಿಲ್ಲ.

ನನ್ನ ಕಾಳಜಿಯೆಲ್ಲ ಆ ಬಿಳಿ ಮಚ್ಚೆಯ ಮೇಲೆಯೇ. ಸಿಹಿ ತಿಂದಾಗ ಪ್ಲಾಕಿನೊಳಗಿನ ಪಿಎಚ್ (ಇಳಿದಷ್ಟೂ ಆಮ್ಲ ಹೆಚ್ಚೆಂದು ತೋರಿಸುವ ಅಳತೆ) ಸುಮಾರು 5.5ಕ್ಕಿಂತ ಕೆಳಗಿಳಿದು ಹಲ್ಲಿನ ಗಟ್ಟಿ ಹೊರಪದರವಾದ ಎನಾಮಲ್ ಖನಿಜ ಕಳೆದುಕೊಳ್ಳುತ್ತದೆ. ಆ ಹಂತದಲ್ಲಿ ಪ್ಲಾಕ್ ತೆಗೆದು ಫ್ಲೋರೈಡ್ ಕೊಟ್ಟರೆ ಕೊರೆಯದೆಯೇ ಅದನ್ನು ತಡೆಯಬಹುದು. ಆದ್ದರಿಂದ ಕ್ಲಿನಿಕ್ಕಿನಲ್ಲಿ ಹುಳುಕನ್ನು ಹಂತ ಹಂತವಾಗಿ ಗುರುತಿಸುವ ಐಸಿಡಾಸ್ ಪದ್ಧತಿಯ ಅಂಕಗಳನ್ನು ಬರೆಯುತ್ತೇನೆ. ಐದು ಸೆಕೆಂಡು ಒಣಗಿಸಿದಾಗ ಮಾತ್ರ ಕಾಣುವ ಮಚ್ಚೆ 1, ಒದ್ದೆಯಿದ್ದಾಗಲೂ ಕಾಣುವುದು 2, ಎನಾಮಲ್ ಒಡೆದಿದ್ದರೆ 3. ಹಾಗೆಯೇ ಮುಂದುವರಿದು, ಹಲ್ಲಿನ ಒಂದು ಬದಿಯ ಅರ್ಧದಷ್ಟಾದರೂ ಕುಳಿಯಾಗಿದ್ದರೆ 6. ಇಲ್ಲಿ ಚೂಪು ತುದಿಯ ಎಕ್ಸ್‌ಪ್ಲೋರರನ್ನು ಚುಚ್ಚಿ ನೋಡುವ ಹಳೆಯ ರೂಢಿಯನ್ನು ಬಿಡಲೇಬೇಕು. ಮೇಲ್ಪದರ ಇನ್ನೂ ಗಟ್ಟಿಯಾಗಿದ್ದು ಒಳಗೆ ಮಾತ್ರ ಮೆತ್ತಗಾದ ಮಚ್ಚೆಯನ್ನು ಚುಚ್ಚಿದರೆ, ಸರಿಹೋಗಬಹುದಾಗಿದ್ದ ಜಾಗದಲ್ಲಿ ನಾವೇ ಕುಳಿ ಮಾಡಿದಂತೆ. ತುದಿಯಲ್ಲಿ 0.5 ಮಿಲಿಮೀಟರಿನ ಗುಂಡು ಇರುವ ಡಬ್ಲ್ಯುಎಚ್‌ಒ ಪ್ರೋಬನ್ನು ಮೇಲಿಂದ ಮೆಲ್ಲಗೆ ಸವರಿದರೆ ಸಾಕು.

ಹಿರಿಯರ ಬಾಯಿಯಲ್ಲಿ ತೊಡಕು ಬೇರೆ. ಮಲ್ಪೆ ಕಡೆಯಿಂದ ಬರುವ, ಎಲೆಅಡಿಕೆ ಹಾಕುವ ಅಮ್ಮಂದಿರ ಹಲ್ಲಿನ ಕಂದು ಕಲೆಯನ್ನು ಹುಳುಕೆಂದು ಎಣಿಸದಂತೆ ಎಚ್ಚರ ಬೇಕು. ಹೋದ ಹಲ್ಲುಗಳ ಬಗ್ಗೆ “ಹುಳುಕಾಗಿ ಕೀಳಿಸಿದ್ದೋ, ತಾನಾಗಿ ಅಲುಗಾಡಿ ಹೋದದ್ದೋ?” ಎಂದು ಒಂದೊಂದಕ್ಕೂ ಕೇಳುತ್ತೇನೆ. ಡಬ್ಲ್ಯುಎಚ್‌ಒ ಕ್ರಮದಲ್ಲಿ ಮೂವತ್ತು ದಾಟಿದವರಿಗೆ ಎರಡನ್ನೂ ಮೊತ್ತಕ್ಕೆ ಸೇರಿಸುತ್ತಾರಾದರೂ, ಚಿಕಿತ್ಸೆಯ ದಾರಿ ಎರಡಕ್ಕೂ ಒಂದೇ ಅಲ್ಲವಾದ್ದರಿಂದ ಕಾರ್ಡಿನಲ್ಲಿ ಬೇರೆಯಾಗಿಯೇ ಬರೆಯುತ್ತೇನೆ.

ಅಳೆಯುವ ಕೈ ಬದಲಾದರೆ ಅಂಕವೂ ಬದಲಾಗುವುದುಂಟು. ಕ್ಲಿನಿಕ್ಕಿನ ಕಿರಿಯ ವೈದ್ಯೆ ಮತ್ತು ನಾನು ಆಗಾಗ ಒಬ್ಬರೇ ರೋಗಿಯನ್ನು ಒಬ್ಬರ ಕಾರ್ಡು ಇನ್ನೊಬ್ಬರು ನೋಡದಂತೆ ಪರೀಕ್ಷಿಸಿ, ಹೊಂದಾಣಿಕೆಯನ್ನು ಕೋಹೆನ್‌ರ ಕಪ್ಪಾ ಲೆಕ್ಕದಿಂದ (ಆಕಸ್ಮಿಕವಾಗಿ ಹೊಂದುವುದನ್ನು ಕಳೆದು ನೋಡುವ ಅಳತೆ) ತಾಳೆ ನೋಡುತ್ತೇವೆ. ನಮ್ಮಿಬ್ಬರ ಅಂಕಗಳು ಹೆಚ್ಚಾಗಿ ಬೇರೆಯಾಗುವುದು ಐಸಿಡಾಸ್‌ನ 1 ಮತ್ತು 2ರ ನಡುವೆ. ಅದಕ್ಕಾಗಿಯೇ ಆ ಐದು ಸೆಕೆಂಡುಗಳನ್ನು ಅಂದಾಜಿಗೆ ಬಿಡದೆ ಗಡಿಯಾರ ನೋಡಿಯೇ ಎಣಿಸಬೇಕೆಂದು ಇಬ್ಬರೂ ಗೊತ್ತುಮಾಡಿಕೊಂಡಿದ್ದೇವೆ.