ಹಳೆ 697ಕ್ಕೆ ಟರ್ಬೊ: ನನ್ನ ಅನುಭವ

ಏಳು ಟನ್ ಗೊಬ್ಬರ ಹೇರಿಕೊಂಡು ನನ್ನ ಹಳೆ ಟಾಟಾ ಮೂತಿ ಲಾರಿ ಈಗ ಶಿರಾಡಿ ಘಾಟಿಯ ಮುಕ್ಕಾಲು ಪಾಲು ಮೂರನೇ ಗೇರಿನಲ್ಲೇ ಹತ್ತುತ್ತದೆ. ಕಪ್ಪು ಹೊಗೆ ಇಲ್ಲ, ನೀರು ಕುದಿಯುವುದಿಲ್ಲ. ಇಂಜಿನ್ ಅದೇ ಟಾಟಾ 697 ನ್ಯಾಚುರಲ್, ಅಂದರೆ ಟರ್ಬೊ ಇಲ್ಲದೆ ಬಂದದ್ದು. ಹೊಸದಾಗಿ ಬಂದದ್ದು ಒಂದು ಸಣ್ಣ ಟರ್ಬೊ ಅಷ್ಟೆ, ಹೊಗೆಯ ಬಲದಲ್ಲಿ ತಿರುಗಿ ಇಂಜಿನ್ನಿಗೆ ಜಾಸ್ತಿ ಗಾಳಿ ತುಂಬುವ ಫ್ಯಾನು. "ಹೆಡ್ ಗ್ಯಾಸ್ಕೆಟ್ ಹಾರುತ್ತೆ ನೋಡ್ತಿರಿ" ಅಂದ ಮೇಸ್ತ್ರಿಗಳು ಒಬ್ಬಿಬ್ಬರಲ್ಲ. ಮಳೆಗಾಲ ಕಳೆಯಿತು, ಕಾಫಿ ಕೊಯ್ಲೂ ಮುಗಿಯಿತು. ಹೆಡ್ ಇನ್ನೂ ಬಿಚ್ಚಿಲ್ಲ.

ಎಲ್ಲರೂ ಹೇಳಿದ್ದು ಒಂದೇ: ಟಾಟಾದ 1613 ಲಾರಿಯ ಟರ್ಬೊ ಇಂಜಿನ್ ಸೆಕೆಂಡ್ ಹ್ಯಾಂಡ್ ತಂದು ಕೂರಿಸಿ ಅಂತ. ಕೇಳಿ ನೋಡಿದೆ. ಇಂಜಿನ್, ರೇಡಿಯೇಟರ್, ಕ್ಲಚ್, ಫಿಟ್ಟಿಂಗ್ ಸೇರಿ ಎರಡೂವರೆ ಲಕ್ಷದ ಹತ್ತಿರ ಹೋಗುತ್ತಿತ್ತು. ಮೇಲೆ ಇಂಜಿನ್ ನಂಬರ್ ಬದಲಾದರೆ ಆರ್‌ಟಿಒ ಓಡಾಟ ಬೇರೆ. ಅಷ್ಟು ಹಣಕ್ಕೆ ಈ ಲಾರಿಯೇ ಬರುತ್ತೆ, ಅಲ್ವಾ?

ನನ್ನ ಧೈರ್ಯಕ್ಕೆ ಕಾರಣ ಬ್ಲಾಕ್. ಸಿಲಿಂಡರಿನ ಅಗಲ (ಬೋರ್) 97 ಮಿಮೀ, ಪಿಸ್ಟನ್ ಓಡುವ ದೂರ (ಸ್ಟ್ರೋಕ್) 128 ಮಿಮೀ, ಆರೂ ಸಿಲಿಂಡರ್ ಸೇರಿ 5675 ಸಿಸಿ. ಬೆನ್ಜ್‌ನ ಒಎಂ 352 ಇಂಜಿನ್ನಿನ ಅಳತೆಯೂ ಇದೇ. ಇದೇ ಅಳತೆಗೆ ಕಂಪನಿಯವರೇ ಟರ್ಬೊ ಹಾಕಿ ಮಾರಿದ್ದಾರೆ. ಆದರೆ ಅವರ ಟರ್ಬೊ ಇಂಜಿನ್ನಿನ ಪಿಸ್ಟನ್ ಬೇರೆ, ಕಂಪ್ರೆಷನ್ನೂ ಕಡಿಮೆ. ಹಾಗಾಗಿ ನಮ್ಮ ನ್ಯಾಚುರಲ್ ಪಿಸ್ಟನ್ನಿಗೆ ಡೀಸೆಲ್ ಸುರಿಯಬಾರದು, ಗಾಳಿ ಮಾತ್ರ ಕೊಡಬೇಕು. ಇಡೀ ಕೆಲಸ ನಿಂತಿರುವುದು ಇದೊಂದರ ಮೇಲೆ.

ಟರ್ಬೊ ಕೆಲಸಕ್ಕೆ ಅಂತ ಮೊದಲು ಹಣ ಹಾಕಿದ್ದು ಇಜಿಟಿ ಗೇಜಿಗೆ, ಅಂದರೆ ಇಂಜಿನ್ನಿಂದ ಹೊರಬರುವ ಹೊಗೆಯ ಬಿಸಿ ತೋರಿಸುವ ಮೀಟರಿಗೆ. ಎರಡು ಸಾವಿರದ ಆಸುಪಾಸು. ಜನ ಇದನ್ನೇ ಬಿಟ್ಟುಬಿಡುತ್ತಾರೆ. ಅದಕ್ಕೂ ಮುಂಚೆ ಡೀಸೆಲ್ ಪಂಪನ್ನು ಓವರಾಲಿಗೆ ಕೊಟ್ಟಿದ್ದೆ. "ಪಿಕಪ್ ಬರುತ್ತೆ" ಅಂತ ಅಂಗಡಿಯವರು ಡೀಸೆಲ್ ಜಾಸ್ತಿ ಬಿಟ್ಟು ಕಳಿಸಿದ್ದರು. ಸುಮಾರು ಇಪ್ಪತ್ತೆರಡು ಸಾವಿರ ಬಿಲ್ಲು. ಗುಂಡ್ಯ ದಾಟಿ ಏರು ಶುರುವಾಗುತ್ತಿದ್ದ ಹಾಗೆ ಹಿಂದಿನ ಗಾಡಿಯವನಿಗೆ ರಸ್ತೆ ಕಾಣದಷ್ಟು ಹೊಗೆ. ಗೇಜ್ ಹಾಕಿ ನೋಡಿದರೆ ಮುಳ್ಳು 700 ಡಿಗ್ರಿ ದಾಟಿ ಇನ್ನೂ ಏರುತ್ತಿತ್ತು. ಕಾಲು ತೆಗೆದೆ. ಆ ಬಿಸಿಯಲ್ಲಿ ಅಲ್ಯೂಮಿನಿಯಂ ಪಿಸ್ಟನ್ ಎಷ್ಟು ಹೊತ್ತು ತಡೆದೀತು? ಡೀಸೆಲ್ಲನ್ನು ಅರ್ಧದಷ್ಟು ವಾಪಸ್ ಇಳಿಸಿ, ಸ್ಕ್ರೂಗೆ ಸೀಲ್ ಹಾಕಿಸಿದೆ. ಆಮೇಲೆ ಇವತ್ತಿನವರೆಗೂ ಅದನ್ನು ಮುಟ್ಟಿಲ್ಲ. ಆರೂ ನಾಝಲ್ ಹೊಸದು, ಪ್ರೆಷರ್ 200 ಬಾರ್ ಹತ್ತಿರ.

ಟರ್ಬೊ ಸಿಕ್ಕಿದ್ದು ಬೆಂಗಳೂರಿನ ಜೆಸಿ ರಸ್ತೆಯ ಕಡೆ. ರೀಕಂಡಿಷನ್ ಮಾಡಿದ್ದು, ಹದಿನೆಂಟು ಸಾವಿರ ಕೊಟ್ಟ ನೆನಪು. ಹಾಕಿದ ವಾರದಲ್ಲೇ ನೀಲಿ ಹೊಗೆ. ಎಲ್ಬೋ ಬಿಚ್ಚಿದರೆ ಒಳಗೆಲ್ಲ ಆಯಿಲ್. ಸೀಲ್ ಹೋಗಿದೆ, ಹೊಸ ಟರ್ಬೊ ತನ್ನಿ ಅಂದರು. ಶಾಫ್ಟ್ ಹಿಡಿದು ಬೆರಳಲ್ಲಿ ಅಲ್ಲಾಡಿಸಿ ನೋಡಿದೆ, ಜಾಸ್ತಿ ಆಟ ಇರಲಿಲ್ಲ. ತೊಂದರೆ ಇದ್ದದ್ದು ಟರ್ಬೊದ ಆಯಿಲ್ ಇಂಜಿನ್ನಿಗೆ ವಾಪಸ್ ಬರುವ ರಿಟರ್ನ್ ಪೈಪಿನಲ್ಲಿ. ಲೇತ್ ಅಂಗಡಿಯವರು ಅರ್ಧ ಇಂಚಿನ ಪೈಪನ್ನು ಬಗ್ಗಿಸಿ ಅಡ್ಡಡ್ಡ ಎಳೆದಿದ್ದರು. ಟರ್ಬೊಯಿಂದ ಆಯಿಲ್ ಪ್ರೆಷರಿನಲ್ಲಿ ಹೊರಬರುವುದಿಲ್ಲ, ತನ್ನ ಭಾರಕ್ಕೆ ತಾನೇ ಇಳಿಯಬೇಕು. ಮುಕ್ಕಾಲು ಇಂಚಿಗಿಂತ ದಪ್ಪ ಪೈಪ್ ನೆಟ್ಟಗೆ ಇಳಿಸಿ, ಇಂಜಿನ್ ತಳದ ಆಯಿಲ್ ಚೇಂಬರಿನಲ್ಲಿ ಆಯಿಲ್ ಮಟ್ಟಕ್ಕಿಂತ ಮೇಲೆ ಸೇರಿಸಿದೆ. ಹೊಗೆ ನಿಂತಿತು. ಟರ್ಬೊ ಇವತ್ತಿಗೂ ಅದೇ.

ಆಮೇಲೆ ಟರ್ಬೊ ಕೂರಿಸಿದ್ದ ಮ್ಯಾನಿಫೋಲ್ಡ್ (ಸಿಲಿಂಡರುಗಳ ಹೊಗೆ ಒಟ್ಟು ಸೇರಿಸುವ ಎರಕದ ಕೊಳವೆ) ಬಿರುಕು ಬಿಟ್ಟಿತು. ಎರಕದ ಕಬ್ಬಿಣಕ್ಕೆ ಸಾಮಾನ್ಯ ವೆಲ್ಡ್ ಸುಲಭಕ್ಕೆ ನಿಲ್ಲುವುದಿಲ್ಲ ಅಂತ ನಿಮಗೆ ಗೊತ್ತೇ ಇದೆ. ಬೇರೆ ಮ್ಯಾನಿಫೋಲ್ಡ್ ತಂದು, ದಪ್ಪ ಪ್ಲೇಟಿನ ಅಡಾಪ್ಟರ್ ಬೋಲ್ಟ್ ಮಾಡಿ, ಟರ್ಬೊ ಭಾರ ಬ್ಲಾಕಿನ ಮೇಲೆ ಕೂರುವ ಹಾಗೆ ಬ್ರಾಕೆಟ್ ಮಾಡಿಸಿದೆ. ಬೂಸ್ಟ್, ಅಂದರೆ ಟರ್ಬೊ ತುಂಬುವ ಗಾಳಿಯ ಒತ್ತಡ, ಆರೇಳು ಪಿಎಸ್ಐ ದಾಟುವುದಿಲ್ಲ. ಅದನ್ನು ಅಲ್ಲೇ ಹೇಗೆ ಹಿಡಿದಿಟ್ಟೆ, ಸ್ಪಿಲ್ ಟೈಮಿಂಗ್ (ಪಂಪ್ ಡೀಸೆಲ್ ಬಿಡಲು ಶುರು ಮಾಡುವ ಹೊತ್ತು) ಎಷ್ಟು ಸರಿಸಿದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ತುಂಬಾ ಕಷ್ಟಪಟ್ಟು ಕಂಡುಕೊಂಡದ್ದು, ನನ್ನ ಹತ್ತಿರವೇ ಇರಲಿ. ಒಂದು ಮಾತು ಮಾತ್ರ ಹೇಳಿಬಿಡುತ್ತೇನೆ. ನಿಮ್ಮ ಪಂಪಿಗೆ ಇಂಜಿನ್ ವೇಗ ಹಿಡಿದಿಡುವ ಹಳೆ ಗಾಳಿ ಗವರ್ನರ್ ಇದ್ದರೆ ಈ ದಾರಿ ಬೇಡ. ಅದು ನಡೆಯುವುದೇ ಇಂಜಿನ್ ಗಾಳಿ ಎಳೆಯುವಾಗ ಆಗುವ ಇನ್‌ಟೇಕ್ ವ್ಯಾಕ್ಯೂಮ್ ಮೇಲೆ, ಬೂಸ್ಟ್ ಬಂದರೆ ಅದರ ಲೆಕ್ಕವೇ ತಪ್ಪುತ್ತದೆ. ನನ್ನದು ಮೆಕ್ಯಾನಿಕಲ್.

ನಡುವೆ ಹೊಂಗೆ ಬಯೋಡೀಸೆಲ್ಲನ್ನೂ ಐದನೇ ಒಂದು ಪಾಲು ಬೆರೆಸಿ ಓಡಿಸಿದೆ. ಇಂಜಿನ್ ಸದ್ದು ಮೆತ್ತಗಾಯಿತು, ನಿಜ. ಆದರೆ ಟ್ಯಾಂಕಿನ ತಳದ ಹಳೆ ಕೊಳೆಯೆಲ್ಲ ಎದ್ದು ಫಿಲ್ಟರ್ ಕಟ್ಟಿಕೊಳ್ಳತೊಡಗಿತು. ಟ್ಯಾಂಕ್ ಇಳಿಸಿ ತೊಳೆಸಿದ ಮೇಲೆ ಇನ್ನೊಮ್ಮೆ ನೋಡಬೇಕು.

ಒಟ್ಟು ಖರ್ಚು ಎಪ್ಪತ್ತು ಸಾವಿರದ ಒಳಗೆ, ಹಾಳಾದ ಮ್ಯಾನಿಫೋಲ್ಡ್ ಸೇರಿಸಿ. ಮೈಲೇಜ್ ಲೀಟರಿಗೆ ನಾಲ್ಕು ಕಿಮೀ ಸುತ್ತ ಇದ್ದದ್ದು ಈಗ ನಾಲ್ಕೂಮುಕ್ಕಾಲು. ಅದೇ ಏರಿನಲ್ಲಿ ಮುಳ್ಳು 600ರ ಆಸುಪಾಸು ನಿಲ್ಲುತ್ತದೆ. ಆಯಿಲನ್ನು ಮೊದಲಿಗಿಂತ ಬೇಗ ಬದಲಿಸುತ್ತೇನೆ. ಏರು ಹತ್ತಿ ಬಂದ ಕೂಡಲೇ ಇಂಜಿನ್ ಆಫ್ ಮಾಡದೆ ಎರಡು ನಿಮಿಷ ಐಡಲ್ ಬಿಡಲು ಡ್ರೈವರಿಗೆ ಹೇಳಿದ್ದೇನೆ. ಮುಂದೆ ಹಿಂದಿನ ಆಕ್ಸಲಿನ ಕ್ರೌನ್ ಪಿನಿಯನ್ (ಚಕ್ರ ತಿರುಗಿಸುವ ಹಲ್ಲುಚಕ್ರದ ಜೋಡಿ) ಬದಲಿಸುವ ಯೋಚನೆ ಇದೆ. ಹಾಸನದ ಕಡೆಯ ಸಮತಟ್ಟು ರಸ್ತೆಯಲ್ಲಿ ಇಂಜಿನ್ ಸುಮ್ನೆ ಜಾಸ್ತಿ ತಿರುಗುತ್ತಿದೆ. ಒಳ್ಳೆ ಸೆಟ್ ಹುಡುಕುತ್ತಿದ್ದೇನೆ.