ಕ್ಲೌಡ್‌ನವ್ರು ಹೇಳಿದ ಸ್ಪೀಡ್ ನಿಜವಾಗ್ಲೂ ಸಿಗ್ತಿದ್ಯಾ? ಚೆಕ್ ಮಾಡೋದು ಹೀಗೆ

ಮೊದ್ಲು ಎಸ್‌ಎಲ್‌ಎ (ಕ್ಲೌಡ್ ಕಂಪನಿ ಸರ್ವಿಸ್ ಬಗ್ಗೆ ಕೊಡೋ ಗ್ಯಾರಂಟಿ ಒಪ್ಪಂದ) ಓದಿ, ಟೆಸ್ಟ್ ಆಮೇಲೆ. ಸಾಮಾನ್ಯವಾಗಿ ಅದ್ರಲ್ಲಿ ಮಾತು ಕೊಟ್ಟಿರೋದು ಸರ್ವರ್ ಅಪ್ ಇರುತ್ತೆ ಅಂತ, ಫಾಸ್ಟಾಗಿ ಓಡುತ್ತೆ ಅಂತಲ್ಲ. 99.9% ಅಂದ್ರೆ 30 ದಿನದ ತಿಂಗಳಲ್ಲಿ ಸುಮಾರು 43 ನಿಮಿಷ ಡೌನ್ ಆದ್ರೂ ಅವ್ರು ಮಾತು ತಪ್ಪಿದ ಹಾಗಲ್ಲ. ಸ್ಪೀಡಿನ ನಂಬರ್ ಎಲ್ಲಾ ಇನ್‌ಸ್ಟನ್ಸ್ (ನೀವು ಬಾಡಿಗೆಗೆ ತಗೊಂಡ ವರ್ಚುವಲ್ ಸರ್ವರ್) ಟೈಪು, ಡಿಸ್ಕ್ ಟೈಪಿನ ಡಾಕ್ಯುಮೆಂಟೇಶನ್‌ನಲ್ಲಿ ಇರುತ್ತೆ, ಅಲ್ಲಿ "ಅಪ್ ಟು", "ಬರ್ಸ್ಟ್" (ಸ್ವಲ್ಪ ಹೊತ್ತು ಮಾತ್ರ ಸಿಗೋ ಸ್ಪೀಡ್), "ಬೇಸ್‌ಲೈನ್" (ಯಾವಾಗ್ಲೂ ಸಿಗೋ ಸ್ಪೀಡ್) ಅಂತ ಎಲ್ಲೆಲ್ಲಿ ಬರೆದಿದ್ದಾರೆ ಅಂತ ಗುರುತು ಹಾಕ್ಕೊಳ್ಳಿ, ಕಿತಾಪತಿ ಇರೋದೇ ಅಲ್ಲಿ.

ಸಿಪಿಯುಗೆ ಸಿಸ್‌ಬೆಂಚ್ ಅನ್ನೋ ಟೆಸ್ಟ್ ಟೂಲ್ ಓಡಿಸಿ, ಪಕ್ಕದ ಟರ್ಮಿನಲ್‌ನಲ್ಲಿ ವಿಎಂಸ್ಟ್ಯಾಟ್ ಕಮಾಂಡ್ ಹಾಕಿ ಕೊನೇ ಕಡೆ ಬರೋ ಸ್ಟೀಲ್ (st) ಕಾಲಂ ನೋಡ್ತಿರಿ. ನಿಮ್ಮ ವಿಎಂ (ವರ್ಚುವಲ್ ಸರ್ವರ್) ಸಿಪಿಯು ಕೇಳ್ತಿದೆ, ಹೈಪರ್‌ವೈಸರ್ (ಒಂದು ಮಷಿನ್ನನ್ನ ಹಲವು ವಿಎಂಗಳಿಗೆ ಹಂಚೋ ಸಾಫ್ಟ್‌ವೇರ್) ಕೊಡ್ತಿಲ್ಲ ಅಂದ್ರೆ ಅಲ್ಲಿ ನಂಬರ್ ಏರುತ್ತೆ. ಆದ್ರೆ ತಕ್ಷಣ ಬೈಯೋಕೆ ಹೋಗ್ಬೇಡಿ, ಎಡಬ್ಲ್ಯುಎಸ್‌ನ (ಅಮೆಜಾನ್ ಕ್ಲೌಡ್) ಟಿ3 ಮೈಕ್ರೋ ತರದ್ದು ತಗೊಂಡಿದ್ರೆ ಅದ್ರ ಬೇಸ್‌ಲೈನೇ ಒಂದೊಂದು ವಿಸಿಪಿಯುಗೆ (ವರ್ಚುವಲ್ ಸಿಪಿಯು) 10%, ಸ್ಟ್ಯಾಂಡರ್ಡ್ ಮೋಡ್‌ನಲ್ಲಿ ಕ್ರೆಡಿಟ್ (ಬರ್ಸ್ಟ್ ಆಗೋಕೆ ಕೂಡಿಟ್ಟ ಕೋಟಾ) ಖಾಲಿ ಆದ್ಮೇಲೆ ಅಷ್ಟೇ ಸಿಗೋದು.

ಜಾಸ್ತಿ ಜನ ಏಮಾರೋದು ಡಿಸ್ಕ್‌ನಲ್ಲಿ. ಎಡಬ್ಲ್ಯುಎಸ್‌ನ 100 ಜಿಐಬಿ ಜಿಪಿ2 (ಒಂದು ಬಗೆಯ ಎಸ್‌ಎಸ್‌ಡಿ) ವಾಲ್ಯೂಮ್ ತಗೊಳ್ಳಿ, ಜಿಐಬಿಗೆ 3 ಐಒಪಿಎಸ್ (ಸೆಕೆಂಡಿಗೆ ಎಷ್ಟು ಸಲ ಓದೋದು-ಬರೆಯೋದು) ಲೆಕ್ಕದಲ್ಲಿ ಅದ್ರ ಬೇಸ್‌ಲೈನ್ 300, ಆದ್ರೆ 3000 ತನಕ ಬರ್ಸ್ಟ್ ಆಗುತ್ತೆ. ಬರ್ಸ್ಟ್‌ಗೆ ಅಂತ ಇರೋ ಬಕೆಟ್ ತುಂಬಿದ್ರೆ 54 ಲಕ್ಷ ಕ್ರೆಡಿಟ್ ಇರುತ್ತೆ, ಫುಲ್ ಸ್ಪೀಡಲ್ಲಿ ಓಡಿಸಿದ್ರೆ ಸೆಕೆಂಡಿಗೆ 2700 (3000ದಲ್ಲಿ ಬೇಸ್‌ಲೈನ್ 300 ಕಳೆದು) ಕರಗುತ್ತೆ, ಅಂದ್ರೆ ಸುಮಾರು 33 ನಿಮಿಷ. ನೀವು ಐದು ನಿಮಿಷ ಟೆಸ್ಟ್ ಮಾಡಿ 3000 ಬಂತು ಅಂತ ಖುಷಿಪಟ್ಟು ಡೇಟಾಬೇಸ್ ಹಾಕಿದ್ರೆ, ಲೋಡ್ ಜಾಸ್ತಿ ಇರೋ ದಿನ ಅರ್ಧ ಗಂಟೆ ಆದ್ಮೇಲೆ ಹತ್ತರಲ್ಲಿ ಒಂದು ಪಾಲಿಗೆ ಬಂದು ಕೂರುತ್ತೆ! ಜಿಪಿ3 ಆದ್ರೆ ಈ ತಲೆನೋವಿಲ್ಲ, ಬೇಸ್‌ಲೈನೇ 3000. ಹಾಗಾಗಿ ಫಿಯೊ (ಡಿಸ್ಕ್ ಟೆಸ್ಟ್ ಟೂಲ್) ಓಡಿಸುವಾಗ ಕಡಿಮೆ ಅಂದ್ರೂ ಒಂದು ಗಂಟೆ ಬಿಡಿ, ಡೈರೆಕ್ಟ್ ಆಪ್ಷನ್ 1 ಇರ್ಲಿ, ಇಲ್ಲಾಂದ್ರೆ ನೀವು ಅಳೆಯೋದು ರ‍್ಯಾಮ್ ಸ್ಪೀಡನ್ನ. ಸ್ನ್ಯಾಪ್‌ಶಾಟ್‌ನಿಂದ (ಡಿಸ್ಕಿನ ಬ್ಯಾಕಪ್ ಕಾಪಿ) ಮಾಡಿದ ವಾಲ್ಯೂಮ್ ಆದ್ರೆ ಪೂರ್ತಿ ಒಂದ್ಸಲ ಓದಿಸಿ ಆಮೇಲೆ ಟೆಸ್ಟ್ ಮಾಡಿ, ಮೊದಲನೇ ಸಲ ಓದೋದು ಸ್ಲೋ ಇದ್ದೇ ಇರುತ್ತೆ.

ನೆಟ್‌ವರ್ಕ್ ಸ್ಪೀಡ್ ಅಳೆಯೋಕೆ ಐಪರ್ಫ್3 ಅನ್ನೋ ಟೂಲ್ ಸಾಕು. ಒಂದೇ ಕನೆಕ್ಷನ್‌ನಲ್ಲಿ ಎಷ್ಟೋ ಸಲ ಪೂರ್ತಿ ಸ್ಪೀಡ್ ಬರಲ್ಲ, ಪ್ಯಾರಲಲ್ ಆಪ್ಷನ್ ಹಾಕಿ.

ಇನ್ನು ಆವರೇಜ್ ನಂಬ್ಕೊಂಡು ಕೂತ್ಕೋಬೇಡಿ, ಪಿ99 ನೋಡಿ, ಅಂದ್ರೆ ನೂರರಲ್ಲಿ 99 ರಿಕ್ವೆಸ್ಟ್ ಮುಗಿಯೋ ಟೈಮ್. ಆವರೇಜ್ 5 ಮಿಲಿಸೆಕೆಂಡ್ ಇದ್ದು ಪಿ99 200 ಇದ್ರೆ ನೂರಕ್ಕೊಂದು ರಿಕ್ವೆಸ್ಟ್ ಒದ್ದಾಡ್ತಿದೆ ಅಂತ. ಇದೇ ಟೆಸ್ಟನ್ನ ಕ್ರಾನ್‌ಗೆ (ಟೈಮ್ ಪ್ರಕಾರ ತಾನಾಗೇ ಓಡಿಸೋ ಟೂಲ್) ಹಾಕಿ ಹಗಲು, ರಾತ್ರಿ, ವೀಕೆಂಡ್ ಎಲ್ಲಾ ಓಡಿಸಿ, ಎರಡು ಮೂರು ಇನ್‌ಸ್ಟನ್ಸ್ ಮೇಲೆ, ಯಾಕಂದ್ರೆ ಒಂದೇ ಟೈಪ್ ಆದ್ರೂ ಹೋಸ್ಟ್ (ಕೆಳಗಿರೋ ನಿಜವಾದ ಮಷಿನ್) ಬೇರೆ ಇರಬಹುದು.

ಸಪೋರ್ಟ್‌ಗೆ ಟಿಕೆಟ್ ಹಾಕುವಾಗ ಬರೀ "ಸ್ಲೋ ಇದೆ" ಅಂದ್ರೆ ನಿಮ್ಮ ಆಪ್‌ದೇ ಪ್ರಾಬ್ಲಂ ಅಂತ ವಾಪಸ್ ಕಳಿಸ್ತಾರೆ. ಇನ್‌ಸ್ಟನ್ಸ್ ಐಡಿ, ರೀಜನ್, ಯುಟಿಸಿ ಟೈಮ್, ಓಡಿಸಿದ ಕಮಾಂಡು, ಅದ್ರ ಔಟ್‌ಪುಟ್ಟು, ಅವರದ್ದೇ ಡಾಕ್ಯುಮೆಂಟಿನ ನಂಬರ್ ಎಲ್ಲಾ ಒಟ್ಟಿಗೆ ಹಾಕಿ. ಡೌನ್‌ಟೈಮ್ ಕ್ರೆಡಿಟ್ (ಡೌನ್ ಆಗಿದ್ದಕ್ಕೆ ಬಿಲ್‌ನಲ್ಲಿ ಸಿಗೋ ಪರಿಹಾರ) ಕೂಡ ಸಾಮಾನ್ಯವಾಗಿ ನೀವಾಗೇ ಕೇಳಿದ್ರೆ ಮಾತ್ರ ಸಿಗೋದು, ಅದಕ್ಕೂ ಕೊನೇ ದಿನಾಂಕ ಇರುತ್ತೆ.