ಕಯಾಕ್, ಪ್ಯಾಡಲ್‌ಬೋರ್ಡ್ ಆರಿಸುವಾಗ ಇಷ್ಟು ನೋಡಿ

ಹೊನ್ನಾವರದ ಶರಾವತಿ ಹಿನ್ನೀರಿನಂಥ ಕಡೆ ಮೊದಲ ಸಲ ನೀರಿಗೆ ಇಳಿಯುವುದಾದರೆ ‘ಸಿಟ್ ಆನ್ ಟಾಪ್’ ಕಯಾಕ್ (ಹುಟ್ಟು ಹಾಕಿ ನಡೆಸುವ ಪುಟ್ಟ ದೋಣಿ) ತೆಗೆದುಕೊಳ್ಳಿ. ಮೇಲೇ ಕೂರುವುದರಿಂದ, ಮಗುಚಿದರೂ ಒಳಗೆ ಸಿಕ್ಕಿಕೊಳ್ಳುವ ಭಯವಿಲ್ಲ. ಅಗಲ 75 ಸೆಂ.ಮೀ. ಅಥವಾ ಜಾಸ್ತಿ ಇದ್ದರೆ ಅಲುಗಾಟ ಕಡಿಮೆ. ಎಷ್ಟು ತೂಕ ತಡೆಯುತ್ತದೆ ಅಂತ ಕೇಳಿ. ಮಗುವನ್ನೂ ಕೂರಿಸಿಕೊಳ್ಳುವವರು ಇಬ್ಬರ ತೂಕದ ಜೊತೆ ಬ್ಯಾಗಿನ ತೂಕವನ್ನೂ ಸೇರಿಸಿ.

ಪ್ಯಾಡಲ್‌ಬೋರ್ಡ್, ಅಂದರೆ ಮೇಲೆ ನಿಂತು ಹುಟ್ಟು ಹಾಕುವ ಹಲಗೆಯ ವಿಷಯದಲ್ಲಿ ಸುಮಾರು ಜನ ತಪ್ಪು ಮಾಡುತ್ತಾರೆ. ‘ಮುಂದೆ ಬೆಳೀತಾನಲ್ಲ’ ಅಂತ ಮಗುವಿಗೂ ದೊಡ್ಡದನ್ನೇ ಕೊಡಿಸುತ್ತಾರೆ. ಅದನ್ನು ತಿರುಗಿಸಲು ಪುಟ್ಟ ಕೈಗೆ ಶಕ್ತಿ ಸಾಲುವುದಿಲ್ಲ, ಗಾಳಿ ಬಂದರೆ ಬೋರ್ಡ್ ಎತ್ತಲೋ ಹೋಗುತ್ತದೆ. ದೊಡ್ಡವರಿಗೆ ಹತ್ತೂವರೆ ಅಡಿ ಉದ್ದ, 32 ಇಂಚು ಅಗಲ ಚೆನ್ನಾಗಿರುತ್ತದೆ. ಚಿಕ್ಕ ಮಕ್ಕಳಿಗೆ 8 ಅಡಿ ಸಾಕು. ಹುಟ್ಟು ಮಾತ್ರ ಉದ್ದ ಹೊಂದಿಸುವಂಥದ್ದೇ ಇರಲಿ, ಅದು ಮಗು ಬೆಳೆದಂತೆ ಬೆಳೆಯುತ್ತದೆ.

ಲೈಫ್ ಜಾಕೆಟ್ ಮಗುವಿನ ತೂಕಕ್ಕೆ ತಕ್ಕದ್ದಿರಬೇಕು. ತೊಡಿಸಿ, ಬಿಗಿದು, ಭುಜದ ಪಟ್ಟಿ ಹಿಡಿದು ಮೇಲಕ್ಕೆ ಎಳೆದು ನೋಡಿ. ಕಿವಿಯವರೆಗೆ ಜಾರಿ ಬಂದರೆ ಅದು ಬೇಡ. ಕಾಲ ಸಂದಿಯಲ್ಲಿ ಕಟ್ಟುವ ಪಟ್ಟಿ ಇರುವುದನ್ನೇ ಕೇಳಿ ಪಡೆಯಿರಿ. ಸಮುದ್ರದ ಇಳಿತದ ಹೊತ್ತಿನಲ್ಲಿ ಹಿನ್ನೀರು ಸಮುದ್ರದ ಕಡೆ ಎಳೆಯುತ್ತದೆ, ಆಗ ಮಕ್ಕಳನ್ನು ನದಿ ಸಮುದ್ರ ಸೇರುವ ಅಳಿವೆಯ ಹತ್ತಿರ ಬಿಡಲೇಬೇಡಿ.